ಭಾಗ್ಯಾ ‘ಹೂಂನ್ರಿ’ ಅಂದದ್ದು

ಸಾರವಾಡ
18 ಫೆಬ್ರುವರಿ 2025

ಅಕ್ಕಾರ,

ಮೂರ ಸಲ ಫೋನ್ ಹಚ್ಚಿದೆ, ನೀವು ಎತ್ತಲಿಲ್ಲ. ಗಾಲ್ಫ್ ಆಟದ ವಾರದಾಗ ನಿಮ್ಮ ಫೋನ್ ಬ್ಯಾಗಿನ ಒಳಗಿನ ಕಿಸೆದಾಗ ಇರತೈತಿ. ಒಂದ ವರ್ಷ ಆ ಬ್ಯಾಗ್ ಹೊತ್ತಾಕಿ ನಾನ, ನನಗ ಗೊತ್ತಿಲ್ಲೇನ್ರಿ. ಅದಕ್ಕ ಕಾಗದ ಬರಿಯಾಕತ್ತೇನಿ. ವಿಜಯಪುರದ ಮನಿ ವಿಳಾಸಕ್ಕ ಹಾಕತೇನಿ, ಬಂದಾಗ ಓದ್ರಿ.

ಕೊಯಮತ್ತೂರಿನಿಂದ ಬಂದು ಎಂಟ ದಿನ ಆತು. ನಡಬರಕ ಯಾಕ ಬಂದಿ ಅಂತ ನಮ್ಮತ್ತಿ ಕೇಳಿದ್ಲು. ಹೆಂಗ ಹೇಳಬೇಕು ತಿಳೀಲಿಲ್ಲ. ಹದಿಮೂರನೇ ಹೋಲಿನ್ಯಾಗ ಚೆಂಡು ಉದ್ದ ಹುಲ್ಲಿನ್ಯಾಗ ಬಿದ್ದಿತ್ತು, ಹೊಡಿಯಾಕ ಹಗರ ಆಗಲಿ ಅಂತ ಅದರ ಹಿಂದಿನ ಹುಲ್ಲ ಯಾರೋ ತುಳದು ಚಪ್ಪಟಿ ಮಾಡ್ಯಾರ ಅಂತ ದೂರದಿಂದ ನೋಡಿದವ್ರು ದೂರು ಕೊಟ್ರು, ಅದು ನಾನ ಅಂತ ಆತು, ಅಂದೆ. ಅತ್ತಿ ಅಂದ್ಲು, ಹುಲ್ಲ ತುಳೀಲಾರದ ನಡಿಯಾಕ ನೀ ಏನ್ ಹಕ್ಕೀಯೇನು?

ನಾ ಬೇಕಂತ ತುಳದಿಲ್ರಿ. ಬ್ಯಾಗ್ ಇಳಸುವಾಗ ಕಾಲ ಎಲ್ಲಿ ಬಿತ್ತೋ ನನಗ ಖಬರಿಲ್ಲ. ನನ್ನಿಂದ ನಿಮಗ ಎರಡ ಹೊಡೆತದ ದಂಡ ಬಿತ್ತು. ನನಗ ಸೀಜನ್ ಮುಗಿಯೂತನಕ ಬ್ಯಾಗ್ ಮುಟ್ಟಬ್ಯಾಡ ಅಂದಾರ. ನವೆಂಬರದಾಗ ಕಮಿಟಿಯವ್ರು ಕುಂತು, ಮತ್ತ ಬರಬೇಕೋ ಪೂರಾ ಬಂದ್ ಮಾಡೂದೋ ಅಂತ ಹೇಳತಾರಂತ. ನನ್ನ ಚಿಂತಿ ಬಿಡ್ರಿ. ನಿಮ್ಮ ಈ ವರ್ಷ ಕೆಡಬಾರದು.

ಹೋದ ವರ್ಷ ಎಲ್ಲಾ ಹೋಲಿನ ಸುತ್ತಿನ ಗ್ರೀನಿನ ಇಳುಕಲು ಬರದಿಟ್ಟ ನೋಟಬುಕ್ಕ ಇದರ ಕೂಡ ಕಳಸೇನಿ. ನಾ ಇರದಿದ್ರೂ ಅದು ಇರಲಿ.

ತಪ್ಪಾತ್ರಿ ಅಕ್ಕಾರ.

ನಿಮ್ಮ ಭಾಗ್ಯಾ


ವಿಜಯಪುರ
6 ಮಾರ್ಚ್ 2025

ಪ್ರಿಯ ಭಾಗ್ಯಾ,

ನಿನ್ನ ಪತ್ರ, ನೋಟ್‌ಬುಕ್ ಎರಡೂ ತಲುಪಿದವು. ಟೂರ್ನಿಯ ವಾರಗಳಲ್ಲಿ ನಾನು ಫೋನ್ ಮುಟ್ಟುವುದಿಲ್ಲ ಎಂದು ನೀನೇ ಬರೆದಿದ್ದೀಯ. ಇನ್ನು ಮುಂದೆ ಪತ್ರವೇ ಇರಲಿ. ನಾನು ಶಾಲೆಯಲ್ಲಿ ಕನ್ನಡವನ್ನು ಎರಡನೇ ಭಾಷೆಯಾಗಿ ಕಲಿತವಳು. ಬರೆದರೆ ಸರ್ಕಾರಿ ಪ್ರಕಟಣೆಯಂತೆ ಕೇಳಿಸುತ್ತದೆ. ನಗಬೇಡ.

ನೀನು ಕ್ಷಮೆ ಕೇಳಬೇಕಾಗಿಲ್ಲ. ಆಟದಲ್ಲಿ ಇಂಥವು ಆಗುತ್ತವೆ. ಎರಡು ಹೊಡೆತ ದೊಡ್ಡ ವಿಷಯವೇನಲ್ಲ.

ಹೈದರಾಬಾದಿನಲ್ಲಿ ಬ್ಯಾಗ್ ಹೊರಲು ಕ್ಲಬ್ಬಿನವರೇ ಒಬ್ಬ ಕ್ಯಾಡಿಯನ್ನು ಕೊಟ್ಟಿದ್ದರು. ಒಳ್ಳೆಯ ಮನುಷ್ಯ. ಚೆಂಡು ಯಾವ ಕಡೆ ತಿರುಗುತ್ತದೆ ಎಂದು ಎಷ್ಟು ಸಲ ಕೇಳಿದರೂ ‘ಸ್ಟ್ರೈಟ್ ಮೇಡಂ’ ಅನ್ನುತ್ತಿದ್ದ. ಎರಡು ದಿನ ಅವನ ಮಾತು ಕೇಳಿ, ಮೂರನೇ ದಿನ ನಿನ್ನ ನೋಟ್‌ಬುಕ್ ತೆರೆದೆ. ಏಳನೇ ಗ್ರೀನಿಗೆ ‘ಕಣ್ಣಿಗಿ ಸಪಾಟ, ನೀರಿಗಿ ಅಲ್ಲ’ ಎಂದು ಬರೆದಿದ್ದೀಯ. ಚೆಂಡು ಹಾಗೆಯೇ ಹೋಗಿ ಒಳಗೆ ಬಿತ್ತು.

ಅಲ್ಲಿಂದ ಮೇಲೇರಿ ಈಗ ನಾನು ಒಟ್ಟಾರೆ ಪಟ್ಟಿಯಲ್ಲಿ ಮೂವತ್ತೊಂದನೇ ಸ್ಥಾನದಲ್ಲಿದ್ದೇನೆ. ಸೀಜನ್ ಮುಗಿಯುವಾಗ ಮೊದಲ ಮೂವತ್ತರೊಳಗೆ ಇದ್ದವರಿಗೆ ಮಾತ್ರ ಮುಂದಿನ ವರ್ಷ ಆಡುವ ಕಾರ್ಡ್. ನಲವತ್ತೆರಡನೇ ವಯಸ್ಸಿನಲ್ಲಿ ಕಾರ್ಡ್ ಕಳೆದುಕೊಂಡರೆ ಇಪ್ಪತ್ತರ ಹುಡುಗಿಯರ ಜೊತೆ ಅರ್ಹತಾ ಸುತ್ತಿಗೆ ನಿಲ್ಲಬೇಕು. ಅದು ನನ್ನಿಂದ ಆಗದು. ಇದನ್ನು ಯಾಕೆ ಬರೆಯುತ್ತಿದ್ದೇನೋ, ನಿನಗೆ ಗೊತ್ತಿಲ್ಲದ್ದೇನೂ ಅಲ್ಲ.

ಬೆಳಿಗ್ಗೆ ಅಭ್ಯಾಸಕ್ಕೆ ಇಟ್ಟಂಗಿಹಾಳದ ಹೊಲಕ್ಕೆ ಹೋಗಿದ್ದೆ. ನಾವು ಮೊದಲು ಸಿಕ್ಕ ದಿನ ಅಲ್ಲೇ ನೀನು ಕುರಿ ಮೇಯಿಸುತ್ತಾ ನಿಂತು, “ಅಲ್ರಿ ಅಕ್ಕಾರ, ಹೊಡಿಯಾಕಿನೂ ನೀವ, ಹುಡುಕಾಕಿನೂ ನೀವ, ಇದೆಂಥಾ ಆಟ” ಅಂದಿದ್ದೆ. ಇವತ್ತು ಮತ್ತೆ ನಾನೇ ಹುಡುಕಿದೆ.

ಆರೋಗ್ಯ ನೋಡಿಕೋ.

ಜುಲೇಖಾ


ತಿಕೋಟಾ
2 ಏಪ್ರಿಲ್ 2025

ಅಕ್ಕಾರ,

ನಿಮ್ಮ ಕಾಗದ ಓದಿ ನನ್ನ ಎದಿ ಮ್ಯಾಲಿನ ಕಲ್ಲ ಇಳೀತು. ನೀವು ಸಿಟ್ಟಾಗಿಲ್ಲ ಅಂದ್ರ ಸಾಕು. ಬೈದಿದ್ರ ಇನ್ನೂ ಚಲೋ ಇತ್ತು ಅಂತ ಒಮ್ಮೊಮ್ಮೆ ಅನಸ್ತೈತಿ.

ನಾ ಈಗ ತಿಕೋಟಾದಾಗ ಒಣದ್ರಾಕ್ಷಿ ಶೆಡ್ಡಿಗಿ ಬರಾಕತ್ತೇನಿ. ಕಡ್ಡಿ ತಗದು, ಕರೇದು ಬ್ಯಾರೆ, ಹಳದಿ ಬ್ಯಾರೆ ಆರಸೂದು. ಮೊನ್ನೆ ರಂಜಾನ್ ಹಬ್ಬಕ್ಕ ಶೆಡ್ಡ ನೋಡ್ಕೊಳ್ಳು ಗೈಬುಸಾಬರು ಎಲ್ಲಾರಿಗಿ ಶಾವಿಗಿ ಸುರಕುಂಬಾ ಕೊಟ್ರು. ನಿಮ್ಮ ನೆನಪಾತು. ಹೋದ ವರ್ಷ ನಿಮ್ಮ ಮನ್ಯಾಗ ಎರಡ ಬಟ್ಟಲ ಕುಡದಿದ್ದೆ.

ಒಂದ ಮಾತ ಹೇಳಬೇಕೋ ಬ್ಯಾಡೋ. ಗೈಬುಸಾಬರು ಮಂದಿಯೊಳಗ ಒಳ್ಳೇರು. ಆದ್ರ ಪ್ಯಾಕಿಂಗ್ ಖೋಲಿಗಿ ನನ್ನ ಬಿಡಂಗಿಲ್ಲ. “ನೀ ಇಲ್ಲೇ ಅಂಗಳದಾಗ ಕುಂಡ್ರವಾ, ಒಳಗ ಬ್ಯಾಡ” ಅಂದ್ರು. ಯಾಕ್ರಿ ಅಂದೆ. ಏನಿಲ್ಲವಾ ಅಂದ್ರು. ಸಾರವಾಡದಾಗ ಮಂದಿ, ಭಾಗ್ಯಾ ದೊಡ್ಡೋರ ಆಟದಾಗ ಏನೋ ಕಳವು ಮಾಡಿ ಸಿಕ್ಕಾಳ, ಅದಕ್ಕ ಹೊರಗ ಹಾಕ್ಯಾರ ಅಂತ ಹಬ್ಬಿಸ್ಯಾರ. ಹುಲ್ಲ ತುಳದದ್ದಕ್ಕ ಹೊರಗ ಹಾಕ್ಯಾರ ಅಂದ್ರ ಯಾರ ನಂಬತಾರ್ರಿ? ಕಳವು ಅಂದ್ರ ಲಗೂನ ನಂಬತಾರ.

ನಮ್ಮ ಓಣಿ ಸೈಮಾ ಬಬಲೇಶ್ವರದ ಕಾಲೇಜಿಗಿ ಹೋಗತಾಳಲ್ಲ, ಆಕಿ ಮೊಬೈಲದಾಗ ನಿಮ್ಮ ಸ್ಕೋರ್ ನೋಡಿ ಹೇಳತಾಳ. ಮೊನ್ನೆ ಮೈನಸ್ ಮೂರು ಅಂದ್ಲು. ಅತ್ತಿ, “ಪಾಪ, ಸೋತಾಳೇನು” ಅಂದ್ಲು. ಇಲ್ಲತ್ತಿ, ಈ ಆಟದಾಗ ಕಡಿಮಿ ಹೊಡದವ್ರ ಗೆಲ್ಲೂದು ಅಂದೆ. “ಹಂಗಾದ್ರ ನಾ ಮನ್ಯಾಗ ಕುಂತ ಗೆದ್ದೇನಿ ಬಿಡು” ಅಂದ್ಲು.

ಮಾರ್ಚದಾಗ ನೀವು ವಿಜಯಪುರದಾಗ ಇದ್ರಂತ. ಸಾರವಾಡಕ್ಕ ಬಸ್ಸ ಭಾಳ ಅದಾವ್ರಿ. ಅವಸರದಾಗ ಇದ್ದಿರಬೇಕು.

ಭಾಗ್ಯಾ


ಜಮ್ಶೆಡ್‌ಪುರ
27 ಏಪ್ರಿಲ್ 2025

ಪ್ರಿಯ ಭಾಗ್ಯಾ,

ಹೌದು, ಅವಸರದಲ್ಲಿದ್ದೆ.

ಜನರ ಮಾತಿಗೆ ಕಿವಿ ಕೊಡಬೇಡ. ನಾಲ್ಕು ದಿನ ಆಡಿಕೊಂಡು ಮರೆಯುತ್ತಾರೆ. ಗೈಬುಸಾಬರಿಗೆ ನಾನು ಫೋನ್ ಮಾಡಿ ಹೇಳಬಹುದು, ಆದರೆ ಏನೆಂದು ಹೇಳುವುದು? ಹೊರಗಿನವರು ಹೇಳಿದರೆ ಇನ್ನಷ್ಟು ಅನುಮಾನ ಹುಟ್ಟಬಹುದು. ಯೋಚಿಸಿ ನೋಡುತ್ತೇನೆ.

ಇಲ್ಲಿ ಒಂಬತ್ತನೇ ಸ್ಥಾನ ಬಂತು. ಐದು ವರ್ಷಗಳಲ್ಲಿ ನನ್ನ ಅತ್ಯುತ್ತಮ ಆಟ. ಒಟ್ಟಾರೆ ಪಟ್ಟಿಯಲ್ಲಿ ಇಪ್ಪತ್ತೆರಡಕ್ಕೆ ಏರಿದ್ದೇನೆ. ಊಟದ ಮೇಜಿನಲ್ಲಿ ಹುಡುಗಿಯರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಿಶಾಖಾ ಎಂಬ ಮೈಸೂರಿನ ಹುಡುಗಿ ಇದ್ದಾಳಲ್ಲ, ಇಪ್ಪತ್ತಮೂರು ವರ್ಷದವಳು, ಅವಳು “ಅಕ್ಕಾ, ಈ ವಯಸ್ಸಲ್ಲೂ ಗ್ರೀನ್ ಇಷ್ಟು ಚೆನ್ನಾಗಿ ಹೇಗೆ ಓದ್ತೀರಿ” ಎಂದು ಕೇಳಿದಳು. ಅಭ್ಯಾಸ ಎಂದೆ. ನಿನ್ನ ನೋಟ್‌ಬುಕ್ ಆಗ ನನ್ನ ಮಡಿಲಲ್ಲೇ ಇತ್ತು.

ನಿನಗೊಂದು ಜೊತೆ ಬೂಟು ಕಳಿಸಿದ್ದೇನೆ. ಒಳ್ಳೆಯವು, ಹಗುರ. ಹೊಲದಲ್ಲಿ ಹಾಕಿಕೋ.

ಆ ಹುಲ್ಲಿನ ಬಗ್ಗೆ ಇನ್ನು ಯೋಚಿಸಬೇಡ ಭಾಗ್ಯಾ. ಕಾಲು ಎಲ್ಲಿ ಬಿತ್ತು ಎಂದು ನೆನಪಿಸಿಕೊಳ್ಳಲು ಹೋಗಬೇಡ. ದಯವಿಟ್ಟು.

ಜುಲೇಖಾ


ಸಾರವಾಡ
12 ಜೂನ್ 2025

ಅಕ್ಕಾರ,

ಬೂಟ ಬಂದಾವು. ಭಾಳ ಚಲೋ ಅದಾವು. ಇನ್ನೂ ಹಾಕ್ಕೊಂಡಿಲ್ಲ.

ಶೆಡ್ಡಿನ ಕೆಲಸ ಮುಗೀತು. ಮಳಿ ಆಗೇತಿ, ತೊಗರಿ ಬಿತ್ತಾಕತ್ತಾರ. ಮನ್ಯಾಗಿನವ್ರು ಕುರಿ ಹೊಡಕೊಂಡು ಮುಂದಿನ ಊರಿಗಿ ಹೋಗ್ಯಾರ, ನಾನೂ ಅತ್ತಿನೂ ಅಷ್ಟ.

ಹೋದ ವಾರ ಆಟ ನಡಸೂ ಟೂರಿನವರ ಕಡಿಂದ ನನ್ನ ಹೆಸರಿಗಿ ಇಂಗ್ಲೀಷ್ ಕಾಗದ ಬಂತು. ಸೈಮಾಗ ಓದಾಕ ಕೊಟ್ಟೆ. ಆಕಿ ಎರಡ ಸಲ ಓದಿ ನನ್ನ ಮಾರಿ ನೋಡಿದ್ಲು. “ಭಾಗ್ಯಾಕ್ಕಾ, ಇದರಾಗ ನೀ ತಪ್ಪ ಒಪ್ಕೊಂಡಿ ಅಂತ ಬರದಾರ” ಅಂದ್ಲು. ಕ್ಯಾಡಿ ತಾನ ತುಳದೇನಿ ಅಂತ ಅಧಿಕಾರಿ ಮುಂದ ಒಪ್ಪಿಕೊಂಡಾಳ, ಆಟಗಾರ್ತಿ ಅದನ್ನ ಇಂಗ್ಲೀಷಿನ್ಯಾಗ ತಿಳಿಸಿ ಹೇಳ್ಯಾರ, ಅಂತ.

ನಾ ಯಾವಾಗ ಒಪ್ಕೊಂಡೆ ಅಕ್ಕಾರ?

ಆ ದಿನ ಸಂಜಿಮುಂದ ಟೆಂಟಿನ್ಯಾಗ ನಿಂತದ್ದು ನೆನಪೈತಿ. ಆ ಸಾಹೇಬ್ರು ಮಾತಾಡಿದ್ದು ನೆನಪೈತಿ, ಒಂದೂ ತಿಳೀಲಿಲ್ಲ. ನಾ ಏನ ಒಪ್ಕೊಂಡೆ ಅನ್ನೂದು ನೆನಪಿಲ್ಲ. ನೀವು ಅಲ್ಲೇ ಇದ್ರಿ. ನೀವು ಹೇಳ್ರಿ, ನಾ ಏನಂದೆ?

ಸೈಮಾ ಚೂಟಿ ಹುಡುಗಿ, ಏನೇನೋ ಅಂತಾಳ. ನಾ ಆಕಿಗಿ ಬೈದೆ. ಅಕ್ಕಾರ ಹಂಗ ಮಾಡೋರಲ್ಲ ಅಂದೆ.

ಭಾಗ್ಯಾ


ಪುಣೆ
3 ಜುಲೈ 2025

ಪ್ರಿಯ ಭಾಗ್ಯಾ,

ಆ ದಿನದ ಗಡಿಬಿಡಿಯಲ್ಲಿ ಯಾರು ಯಾವ ಮಾತು ಆಡಿದರು ಎಂದು ಈಗ ಕರಾರುವಾಕ್ಕಾಗಿ ಹೇಳುವುದು ಕಷ್ಟ. ಇಂಥ ಕಾಗದಗಳ ಭಾಷೆಯೇ ಹಾಗೆ, ಒರಟು. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಾನು ಯೋಚಿಸಿ ಒಂದು ದಾರಿ ಕಂಡುಕೊಂಡಿದ್ದೇನೆ. ಕಮಿಟಿಯವರಿಗೆ ನಿನ್ನ ಪರವಾಗಿ ಬರೆಯುತ್ತೇನೆ. ನಿಯಮ ತಿಳಿಯದೆ ಆದದ್ದು, ಬಡ ಮನೆಯ ಹೆಣ್ಣುಮಗಳು, ಒಳ್ಳೆಯ ಕೆಲಸಗಾರ್ತಿ ಎಂದು. ಅದರ ಜೊತೆ ನಿನ್ನ ಕ್ಷಮಾಪಣೆಯೂ ಇದ್ದರೆ ನವೆಂಬರಿನಲ್ಲಿ ನಿನ್ನನ್ನು ಖಂಡಿತ ವಾಪಸ್ ತೆಗೆದುಕೊಳ್ಳುತ್ತಾರೆ. ಒಂದು ಹಾಳೆ ಟೈಪ್ ಮಾಡಿಸಿ ಇದರೊಳಗೆ ಇಟ್ಟಿದ್ದೇನೆ, ಕೆಳಗೆ ಸಹಿ ಮಾಡಿ ಕಳಿಸು. ಓದಬೇಕೆಂದಿಲ್ಲ, ನಾಲ್ಕು ಸಾಲು ಅಷ್ಟೆ. ಸೈಮಾಳನ್ನು ಕೇಳುವ ಅಗತ್ಯವೂ ಇಲ್ಲ.

ಇದರಿಂದ ಇಬ್ಬರಿಗೂ ಒಳ್ಳೆಯದಾಗುತ್ತದೆ. ಮುಂದಿನ ವರ್ಷ ನೀನು ಮತ್ತೆ ನನ್ನ ಬ್ಯಾಗ್ ಹೊರುತ್ತೀಯ.

ಜುಲೇಖಾ


ಸಾರವಾಡ
19 ಜುಲೈ 2025

ಅಕ್ಕಾರ,

ನಿಮ್ಮ ಹಾಳಿ ಇದರ ಕೂಡ ಐತಿ. ಸಹಿ ಮಾಡೇನಿ.

ಸೈಮಾಗ ಕೇಳಬ್ಯಾಡ ಅಂದಿದ್ರಿ, ಕೇಳೇನಿ. ತಪ್ಪ ತಿಳಕೋಬ್ಯಾಡ್ರಿ. ಆಕಿ ನನಗ ಕುಂಡ್ರಿಸಿ ಆ ಸಂಜಿ ಎಲ್ಲಾ ಹೇಳಂದ್ಲು. ಹೇಳಿದೆ. ಸಾಹೇಬ್ರು ನನ್ನ ಕಡೆ ನೋಡಿ ಏನೋ ಅಂದ್ರು, ನಾ ಹೂಂನ್ರಿ ಅಂದೆ. ಮತ್ತೇನೋ ಅಂದ್ರು, ಹೂಂನ್ರಿ ಅಂದೆ. ಅಷ್ಟರಾಗ ಸೈಮಾ ಹಣಿ ಹಣಿ ಬಡಕೊಂಡ್ಲು. “ಯಕ್ಕಾ, ನೀ ಹೂಂ ಅಂದ್ರ ಅವ್ರು ಹೌದು ಅಂತ ತಿಳಕೋತಾರ” ಅಂದ್ಲು. ಅಲ್ಲಬೇ, ದೊಡ್ಡೋರು ಮಾತಾಡುವಾಗ ಹೂಂ ಅನ್ನಲಾರದ ಕಂಬದಂಗ ನಿಂದರಬೇಕೇನು ಅಂದೆ. ಕೇಳಾಕತ್ತೇನ್ರಿ ಅನ್ನೂದಕ್ಕ ಹೂಂ ಅನ್ನೂದಲ್ಲೇನ್ರಿ? ಅತ್ತಿ ಟೀವಿ ನೋಡಕೋತನೂ ಹೂಂ ಅಂತಾಳ.

ನನಗ ಈಗ ಒಂದ ತಿಳೀವಲ್ದು. ಸಾಹೇಬ್ರಿಗಿ ನಮ್ಮ ಮಾತು ಬರಂಗಿಲ್ಲ, ಖರೆ. ನೀವು ನನ್ನ ಬಾಜೂಕ ನಿಂತಿದ್ರಿ. ಆಕಿ ಹಂಗ ಅಂದದ್ದಲ್ರಿ, ಸುಮ್ಮ ಹೂಂ ಅನ್ನಾಕತ್ತಾಳ ಅಂತ ನೀವು ಹೇಳಿರಬೇಕು. ಅವ್ರು ಕೇಳಲಿಲ್ಲೇನ್ರಿ?

ಏನಾರ ಆಗಲಿ. ನೀವು ಮಾಡಂದ್ರಿ, ಸಹಿ ಮಾಡೇನಿ. ಅದರಾಗ ಇದ್ದದ್ದು ಖರೆ ಅನಸಿದ್ರ ಕೊಡ್ರಿ. ಇಲ್ಲಂದ್ರ ನಿಮಗ ಬಿಟ್ಟದ್ದು.

ಭಾಗ್ಯಾ


ವಿಜಯಪುರ
28 ಸೆಪ್ಟೆಂಬರ್ 2025

ಭಾಗ್ಯಾ,

ನಿನ್ನ ಜುಲೈ ಪತ್ರಕ್ಕೆ ಎರಡು ತಿಂಗಳಿಂದ ಉತ್ತರ ಬರೆದಿಲ್ಲ. ಅವಸರ ಇರಲಿಲ್ಲ, ಗಡಿಬಿಡಿಯೂ ಇರಲಿಲ್ಲ. ಈಗ ಬರೆಯುವುದನ್ನು ಸೈಮಾಳಿಂದ ಓದಿಸು, ನೀನೂ ಓದು.

ಹುಲ್ಲು ತುಳಿದದ್ದು ನಾನು. ಎಡಗಾಲಿನಿಂದ, ಬೇಕೆಂದೇ. ನೀನು ಆಗ ಹತ್ತು ಮಾರು ಹಿಂದೆ ಬ್ಯಾಗ್ ಇಳಿಸಿ ನನ್ನ ಟವೆಲ್ ಹಿಂಡುತ್ತಿದ್ದೆ. ಚೆಂಡಿನ ಹತ್ತಿರ ನೀನು ಬಂದೇ ಇರಲಿಲ್ಲ. ಆ ದಿನ ಇನ್ನೂ ಎರಡು ಹೊಡೆತ ಹೆಚ್ಚಾದರೆ ಪಟ್ಟಿಯಲ್ಲಿ ನಲವತ್ತರ ಆಚೆ ಬೀಳುತ್ತಿದ್ದೆ. ಹುಲ್ಲು ದಟ್ಟವಾಗಿತ್ತು. ಯಾರೂ ನೋಡುತ್ತಿಲ್ಲ ಅನ್ನಿಸಿತು.

ಸಂಜೆ ಟೆಂಟಿನಲ್ಲಿ ಅಧಿಕಾರಿ ಮೊದಲು ನನ್ನನ್ನು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಆಮೇಲೆ ನಿನ್ನನ್ನು ಕೇಳಿದರು, ಹುಲ್ಲು ತುಳಿದದ್ದು ನೀನಾ ಎಂದು. ನೀನು ಹೂಂನ್ರಿ ಅಂದೆ. ಅವರು ನನ್ನ ಕಡೆ ತಿರುಗಿ, ಏನು ಹೇಳುತ್ತಿದ್ದಾಳೆ ಎಂದರು. ಆ ಟೆಂಟಿನಲ್ಲಿ ಎರಡೂ ಭಾಷೆ ಗೊತ್ತಿದ್ದವಳು ನಾನೊಬ್ಬಳೇ. ಹೂಂನ್ರಿ ಎಂದರೆ ಏನು ಎಂದು ನನಗೆ ಗೊತ್ತಿಲ್ಲದೆ ಇಲ್ಲ. ಇದೇ ಊರಿನಲ್ಲಿ ಬೆಳೆದವಳು ನಾನು, ಸ್ಟೇಷನ್ ರಸ್ತೆಯ ಅಪ್ಪನ ಅಂಗಡಿಯಲ್ಲಿ ದಿನಕ್ಕೆ ನೂರು ಸಲ ಕೇಳಿದ ಮಾತು. ನಾನು ಅವರಿಗೆ ಹೇಳಿದ್ದು ಒಂದೇ ಪದ: ಯೆಸ್.

ಆಟಗಾರ್ತಿ ಬೇಕೆಂದೇ ಮಾಡಿದ್ದರೆ ಅವಳು ಟೂರ್ನಿಯಿಂದ ಹೊರಗೆ, ಆ ವರ್ಷವೂ ಹೋದಂತೆಯೇ. ನಿಯಮ ತಿಳಿಯದ ಕ್ಯಾಡಿ ಮಾಡಿದ್ದರೆ ಆಟಗಾರ್ತಿಗೆ ಎರಡು ಹೊಡೆತ, ಕ್ಯಾಡಿಗೆ ಮನೆ. ನನಗೆ ಈ ಲೆಕ್ಕ ಗೊತ್ತಿತ್ತು.

ಬಹಳ ದಿನ ನನಗೆ ನಾನೇ ಹೇಳಿಕೊಂಡೆ, ನಾನು ಸುಳ್ಳು ಹೇಳಲಿಲ್ಲ, ಒಂದು ಪದವನ್ನು ಇನ್ನೊಂದು ಭಾಷೆಗೆ ಹೇಳಿದೆ ಅಷ್ಟೆ ಎಂದು. ಆ ಕ್ಷಣಕ್ಕೆ ಬಾಯಿ ತಪ್ಪಿತು ಎಂದು ಈ ಪತ್ರದಲ್ಲೂ ಬರೆಯಲು ಹೊರಟು ಹೊಡೆದುಹಾಕಿದೆ. ಬಾಯಿ ತಪ್ಪಿದ್ದರೆ ಮರುದಿನ ತಿದ್ದಬಹುದಿತ್ತು. ಮಾರ್ಚ್ 6ರ ಪತ್ರವನ್ನು ರಂಜಾನ್ ಉಪವಾಸದ ರೋಜಾ ಇಟ್ಟುಕೊಂಡು ಬರೆದೆ, ‘ಆಟದಲ್ಲಿ ಇಂಥವು ಆಗುತ್ತವೆ’ ಎಂದು. ಜುಲೈನಲ್ಲಿ ನಿನ್ನಿಂದ ಸಹಿ ಕೇಳಿದೆ. ಅದು ಹುಲ್ಲಿಗಿಂತ ಕೆಟ್ಟದ್ದು.

ಆ ಹಾಳೆ ಎರಡು ತಿಂಗಳು ನನ್ನ ಬ್ಯಾಗಿನಲ್ಲೇ ಇತ್ತು. ಅದನ್ನು ಇಟ್ಟುಕೊಂಡೇ ಮೂರು ಟೂರ್ನಿ ಆಡಿ ಪಟ್ಟಿಯಲ್ಲಿ ಹನ್ನೊಂದನೇ ಸ್ಥಾನಕ್ಕೆ ಬಂದೆ, ನಿನ್ನ ನೋಟ್‌ಬುಕ್ ನೋಡಿಕೊಂಡು. ಹೋದ ವಾರ ಕಮಿಟಿಯವರು ಕ್ಯಾಡಿಯ ಕ್ಷಮಾಪಣೆ ಇದ್ದರೆ ಕಳಿಸಿ ಎಂದು ಕೇಳಿದರು. ಫೋಟೊ ತೆಗೆಯಲು ಹಾಳೆ ಬಿಚ್ಚಿದಾಗ ಅದರ ಹಿಂದೆ ನೀನು ಪೆನ್ಸಿಲಿನಲ್ಲಿ ಬರೆದದ್ದು ಕಂಡಿತು. ‘ಯಾವ ಕಾಲು ಅಂತ ಬರೀಬೇಕೇನ್ರಿ? ನನಗ ನೆನಪಾಗವಲ್ದು, ನೀವ ಹೇಳ್ರಿ.’

ಮೊನ್ನೆ ಕಮಿಟಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಅದರ ಪ್ರತಿ ಇಲ್ಲಿದೆ. ನೀನು ಸಹಿ ಮಾಡಿದ ಹಾಳೆಯೂ ಇದೆ. ನಾನು ಹರಿದಿಲ್ಲ, ಅದು ನಿನ್ನದು. ನೋಟ್‌ಬುಕ್ಕನ್ನೂ ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ.

ಕ್ಷಮಿಸು ಎಂದು ಬರೆದು ನಿನ್ನನ್ನು ಉತ್ತರ ಕೊಡುವ ಕಷ್ಟಕ್ಕೆ ಸಿಕ್ಕಿಸಲಾರೆ.

ಜುಲೇಖಾ


ಸಾರವಾಡ
25 ಅಕ್ಟೋಬರ್ 2025

ಜುಲೇಖಾ ಮೇಡಂ ಅವರಿಗೆ,

ನಿಮ್ಮ ಕಾಗದ ಮುಟ್ಟೇತಿ. ಕಮಿಟಿಯವರ ಕಾಗದನೂ ಮುಟ್ಟೇತಿ. ನನ್ನ ಮ್ಯಾಲಿನ ಬಂದ್ ತಗದಾರ. ನಿಮ್ಮ ಈ ವರ್ಷದ ಆಟ ಎಲ್ಲಾ ರದ್ದ ಮಾಡಿ, ಒಂದ ವರ್ಷ ಆಡಬ್ಯಾಡ ಅಂದಾರಂತ ಸೈಮಾ ಓದಿ ಹೇಳಿದ್ಲು. ಅದನ್ನ ಕೇಳಿ ನನಗ ಖುಷಿ ಆಗಲಿಲ್ಲ. ಕೆಟ್ಟನೂ ಅನಸಲಿಲ್ಲ. ಅದನ್ನ ನಿಮಗ ಹೇಳಬೇಕು ಅನಸ್ತು.

ನಾ ಸಿಟ್ಟಾಗೇನಿ. ಬಂದ್ ಮಾಡಿದ್ದಕ್ಕಲ್ಲ, ಕೆಲಸ ಇಲ್ಲಿ ಹೋದ್ರ ಮತ್ತೊಂದ ಕಡೆ ಸಿಗತೈತಿ. ಎಂಟ ತಿಂಗಳ ನಾ ನನ್ನ ಕಾಲ ನೋಡಕೋತ ಅಡ್ಡಾಡೇನಿ. ಹೊಲದಾಗ, ಅಂಗಳದಾಗ, ಎಲ್ಲಿ ಇಡಾಕತ್ತೇನಿ ಅಂತ. ನಿದ್ದಿಗಣ್ಣಾಗ ತುಳದೇನೇನು, ನನಗ ತಲಿ ಸರಿ ಐತೋ ಇಲ್ಲೋ ಅಂತ. ನೀವು ಕಾಲಿಗಿ ಬೂಟ ಕಳಸಿದ್ರಿ. ಅವನ್ನ ಸೈಮಾಗ ಕೊಟ್ಟೇನಿ.

ವಿಶಾಖಾ ಮೇಡಂ ಫೋನ್ ಮಾಡಿದ್ರು. ಕಡೀ ಎರಡ ಟೂರ್ನಿಗಿ ಅವರ ಬ್ಯಾಗ್ ಹೊರತೇನಿ. ನೋಟಬುಕ್ಕ ತಗೊಂಡ ಹೊಂಟೇನಿ. ಬರೂ ತಿಂಗಳ ಹತ್ತಕ್ಕ ಅಹಮದಾಬಾದಿಗಿ ಹೋಗತೇನಿ.

ಈಗ ಒಂದ ಮಾತು. ಕಮಿಟಿಯವರ ಕಾಗದ ಇಂಗ್ಲೀಷಿನ್ಯಾಗ ಐತಿ. ನಮ್ಮ ಊರಾಗ ಅದನ್ನ ಯಾರೂ ಓದಂಗಿಲ್ಲ. ಸೈಮಾ ಓದಿ ಹೇಳಿದ್ರ, ನೀ ಆಕಿ ಕಡಿಯಾಕಿ, ಏನರ ಓದತಿ ಅಂತಾರ. ನಾನ ತೋರಿಸಿದ್ರ, ನೋಡ್ರಿ ತಾನ ಬರಸ್ಕೊಂಡ ಬಂದಾಳ ಅಂತಾರ. ನೀವು ಸಾರವಾಡಕ್ಕ ಬಂದು ನಮ್ಮತ್ತಿಗಿ ಬಾಯಿಲೆ ಹೇಳ್ರಿ, ನಮ್ಮ ಮಾತಿನ್ಯಾಗ.

ನಾ ಊರಾಗ ಇರಲಾರದಾಗ ಬರ್ರಿ. ನಾ ಇದ್ರ ನೀವು ನನ್ನ ಮಾರಿ ನೋಡಿ ನನಗ ಹೇಳತೀರಿ. ನನಗ ಹೇಳಿ ಆಗೇತಿ.

ಭಾಗ್ಯಾ


ವಿಜಯಪುರ
17 ನವೆಂಬರ್ 2025

ಭಾಗ್ಯಾ,

ನಿನ್ನೆ ರವಿವಾರ ಸಾರವಾಡಕ್ಕೆ ಹೋಗಿದ್ದೆ. ನೀನು ಹೇಳಿದ ಮಾತು ಆಯಿತೋ ಇಲ್ಲವೋ ಎಂದು ನಿನಗೆ ತಿಳಿಯಬೇಕು, ಅದಕ್ಕಾಗಿ ಬರೆಯುತ್ತಿದ್ದೇನೆ. ಇದಕ್ಕೆ ಉತ್ತರ ಬೇಡ.

ನಿಮ್ಮತ್ತೆ ಹುಚ್ಚವ್ವ ಕಟ್ಟೆಯ ಮೇಲೆ ಕುಳಿತು ಹುರುಳಿ ಹಸನು ಮಾಡುತ್ತಿದ್ದರು. “ಯಾರ ಬೇ ನೀನು” ಎಂದರು. ಜುಲೇಖಾ ಎಂದೆ. ಮೊರ ಪಕ್ಕಕ್ಕಿಟ್ಟು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಅಕ್ಕಾರ ಅಕ್ಕಾರ ಅಂತಿದ್ಲಲ್ಲ, ಆಕಿ ನೀನೇನು” ಎಂದರು. ಹೌದು ಎಂದೆ. “ಕುಂಡ್ರು. ಚಾ ಆಮ್ಯಾಗ, ಮೊದಲ ಹೇಳು.”

ಬಸ್ಸಿನಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಟೂರ್ನಿ ಎಂದರೇನು, ಕಾರ್ಡ್ ಎಂದರೇನು, ನನ್ನ ವಯಸ್ಸು, ಪಟ್ಟಿಯಲ್ಲಿ ನನ್ನ ಸ್ಥಾನ, ಉದ್ದ ಹುಲ್ಲಿನ ನಿಯಮ. ಅರ್ಧ ಹೇಳುವಷ್ಟರಲ್ಲಿ ಅವರು ಕೈ ಎತ್ತಿದರು.

“ನನಗ ಒಂದೂ ತಿಳೀಲಿಲ್ಲ. ನನ್ನ ಸೊಸಿ ತಪ್ಪ ಮಾಡ್ಯಾಳೋ ಇಲ್ಲೋ?”

“ಮಾಡಿಲ್ಲ.”

“ಯಾರ ಮಾಡ್ಯಾರ?”

“ನಾನು.”

“ಹಾಂ. ಇಷ್ಟ ಹೇಳಾಕ ಒಂದ ವರ್ಷ ಬೇಕಾತೇನು?”

ಕೆಲಸ ಮುಗಿಯಿತು ಎಂದುಕೊಂಡು ಏಳಲು ಹೊರಟೆ. ಆ ಸಮಾಧಾನ ನನಗೆ ಚೆನ್ನಾಗಿ ಗೊತ್ತಾಯಿತು, ನಾಚಿಕೆಯೂ ಆಯಿತು. ಅವರು ಸೆರಗು ಸಿಕ್ಕಿಸಿಕೊಂಡು ನನ್ನ ಮಣಿಕಟ್ಟು ಹಿಡಿದರು. “ನನಗ ಹೇಳಿದ್ರ ಏನ ಬಂತು? ನಾ ಸೊಸಿ ಮ್ಯಾಲ ಸಂಶೆ ಪಟ್ಟಾಕಿ ಅಲ್ಲ. ಪಟ್ಟವರ ಮನಿ ತೋರಸ್ತೇನಿ, ಬಾ.”

ಮೊದಲು ಚಂದ್ರಕಾಂತರ ಕಿರಾಣಿ ಅಂಗಡಿ. ಅಲ್ಲಿ ಮತ್ತೆ ಮೊದಲಿನಿಂದ ಹೇಳಿದೆ, ಬೇಸಾಯದವರಿಗೆ ತಿಳಿಯುವಂತೆ ಸ್ವಲ್ಪ ಸರಳ ಮಾಡಿ. ಅವರು ಸಕ್ಕರೆ ಕಟ್ಟುತ್ತಲೇ, “ಇದು ಪೇಪರಿನ್ಯಾಗ ಬರ್ತೈತೇನ್ರಿ” ಎಂದು ಕೇಳಿದರು. ಬರುವುದಿಲ್ಲ ಎಂದೆ. “ಮತ್ತ ಕಳವು ಅಂದವ್ರು?” ಎಂದು ತಮ್ಮನ್ನೇ ಕೇಳಿಕೊಂಡಂತೆ ಅಂದು, ಆ ಕಡೆ ತಿರುಗಿದರು. ಅಂದವರು ಅವರೇ ಎಂದು ನಿಮ್ಮತ್ತೆ ಹೊರಗೆ ಬಂದ ಮೇಲೆ ಹೇಳಿದರು.

ಎರಡನೇ ಮನೆಯವರು ಕೇಳಿಸಿಕೊಂಡು ನೀರು ಕೊಟ್ಟರು. ಮೂರನೇ ಮನೆಯ ಅಜ್ಜ ನಕ್ಕುಬಿಟ್ಟರು. “ಅಲ್ಲವಾ, ಹುಲ್ಲ ತುಳದದ್ದಕ್ಕ ಇಷ್ಟ ದೊಡ್ಡ ಪಂಚಾಯತಿಯೇನು? ನಮ್ಮ ಎಮ್ಮಿ ದಿನಾ ತುಳೀತೈತಿ.” ನನಗೂ ನಗು ಬಂತು, ಎಷ್ಟೋ ಹಗುರ ಅನ್ನಿಸಿತು. ನಿಮ್ಮತ್ತೆ ಮಣಿಕಟ್ಟು ಒತ್ತಿದರು. “ನಗಬ್ಯಾಡ. ಎಮ್ಮಿ ಮತ್ತೊಬ್ಬರ ಹೆಸರ ಹೇಳಂಗಿಲ್ಲ.” ಅಜ್ಜ ನಗು ನಿಲ್ಲಿಸಿದರು.

ನಾಲ್ಕನೇ ಮನೆಯಲ್ಲಿ ನನ್ನ ವಯಸ್ಸಿನ ಮಾತು ಬಿಟ್ಟುಹೋಯಿತು. ಐದನೆಯದರಲ್ಲಿ ಪಟ್ಟಿಯ ಮಾತು. ಆರನೆಯದರಲ್ಲಿ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು, ನಿಲ್ಲಿಸಲಿಲ್ಲ. ಅವಳಿಗೆ ನಾನು ಹೇಳಿದ್ದು ಇಷ್ಟೇ: “ತಪ್ಪು ಮಾಡಿದ್ದು ನಾನು. ಭಾಗ್ಯಾಳ ಹೆಸರು ಹೇಳಿದೆ.” ಅವಳು ತಲೆ ಎತ್ತಿ ನನ್ನನ್ನು ನೋಡಿ, “ಆಕಿ ಇದ್ದಾಗ ಯಾಕ ಬರಲಿಲ್ಲ” ಎಂದಳು. ಅವಳೇ ಬೇಡ ಅಂದಳು ಎಂದೆ. “ಬರೋಬ್ಬರಿ ಮಾಡ್ಯಾಳ” ಎಂದು ರೊಟ್ಟಿ ತಿರುವಿ ಹಾಕಿದಳು.

ಅಷ್ಟೊತ್ತಿಗೆ ಓಣಿಯ ಆ ಬದಿ ಮುಗಿದಿತ್ತು. ಮನೆಗೆ ಕರೆದೊಯ್ದು ನಿಮ್ಮತ್ತೆ ಚಹಾ ಕೊಟ್ಟರು. ಬಸ್ಸಿಗೆ ಹೊರಟಾಗ ಬಾಗಿಲಿನವರೆಗೆ ಬಂದರು.

ಇನ್ನೊಂದು ಬದಿ ಉಳಿದಿದೆ. ಅದಾದ ಮೇಲೆ ತಿಕೋಟಾ, ಗೈಬುಸಾಬರ ಶೆಡ್ಡು. ಬರುವ ರವಿವಾರ ಎಂಟರೊಳಗೆ ಬಾ ಎಂದಿದ್ದಾರೆ. ಕಡಲೆ ಹೊಲದಲ್ಲಿ ಕಳೆ ತೆಗೆಯುವ ಕಾಲ, ತಡವಾದರೆ ಮಂದಿ ಹೊರಟುಬಿಡುತ್ತಾರಂತೆ. “ಆಮ್ಯಾಗ ಖಾಲಿ ಮನಿ ಮುಂದ ನಿಂತು ಯಾರಿಗಿ ಹೇಳತಿ?” ಎಂದರು.

ಜುಲೇಖಾ